ನೀಲಿ ಕೈಯವಳ ಎಲೆ

ಆ ಊರಲ್ಲಿ ಸತ್ತವರಿಗೆ ಒಂದೇ ಕೆಲಸ. ಕರೆದರೆ ಬರಬೇಕು.

ಊರ ನಡುವೆ ಸುಣ್ಣ ಬಳಿದ ದೊಡ್ಡ ಗೋಡೆ, ಗೋಡೆಯ ಮುಂದೆ ಅಂಗಳ. ವರ್ಷಕ್ಕೊಮ್ಮೆ, ಗಾಳಿ ದಿಕ್ಕು ಬದಲಿಸುವ ದಿನ, ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ಪ್ರತಿ ಮನೆಯವರೂ ತಮ್ಮ ಸತ್ತವರಿಗೆಂದು ಬಾಳೆಲೆ ಹಾಸಿ ಅದರ ಹಿಂದೆ ಕೂರುತ್ತಿದ್ದರು. ಊರಿನ ಯಜಮಾನ ಗೋಡೆಯ ಮುಂದೆ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕರೆದವರ ಫೋಟೊ ಗೋಡೆಯ ಮೇಲೆ ಮೂಡಬೇಕು. ಮೂಡಿದರೆ ಎಲೆಗೆ ಅನ್ನ. ಮೂಡದಿದ್ದರೆ ಎಲೆ ಮಡಿಸಬೇಕು. ಎಲೆ ಮಡಿಸಿದ ಮೇಲೆ ಅಂಥವರು ಊರಲ್ಲಿ ಹುಟ್ಟಿಯೇ ಇರಲಿಲ್ಲ ಎಂದು ಅರ್ಥ. ಅವರನ್ನು ನೆನೆಯುವಂತಿಲ್ಲ, ಅವರಿಗಾಗಿ ಅಳುವಂತಿಲ್ಲ, ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕುವಂತಿಲ್ಲ.

ಬದುಕಿದ್ದವರಿಗೂ ಅದೇ ನಿಯಮ. ನಾನು ಇಂಥವನು ಎಂದು ಯಾರಾದರೂ ಹೇಳಿದರೆ ಊರು ನಂಬುತ್ತಿರಲಿಲ್ಲ. ಗೋಡೆ ಹೇಳಿದರೆ ನಂಬುತ್ತಿತ್ತು.

ಅಲ್ಲಿ ಹೆಸರಿಡುವ ಪದ್ಧತಿ ಇರಲಿಲ್ಲ. ಕೈ ನೋಡಿ ಕರೆಯುತ್ತಿದ್ದರು. ಹಿಟ್ಟಿನ ಕೈಯವಳು, ಮಸಿ ಕೈಯವನು, ಸುಣ್ಣದ ಕೈಯವನು. ಬಟ್ಟೆಗೆ ಬಣ್ಣ ಹಾಕುವ ಅಕ್ಕತಂಗಿಯರಿಬ್ಬರಿದ್ದರು. ಅವಳಿ ಜವಳಿ. ಮುಖ ನೋಡಿದರೆ ಹೆತ್ತವಳೇ ಗಲಿಬಿಲಿಗೊಳ್ಳಬೇಕು, ಹಾಗಿದ್ದರು. ಅಕ್ಕ ಕೊಟ್ಟಿಗೆಯ ಕತ್ತಲಲ್ಲಿ ನೀಲಿ ಬಣ್ಣ ತುಂಬಿದ ದೊಡ್ಡ ಮಣ್ಣಿನ ಬಾನಿಯೊಳಗೆ ಕೈ ಅದ್ದುತ್ತಿದ್ದಳು. ತಂಗಿ ಹೊರಗೆ ಬಿಸಿಲಲ್ಲಿ ಕೆಂಪಿನ ಬಾನಿಗೆ ಅದ್ದುತ್ತಿದ್ದಳು. ಮೊಣಕೈವರೆಗೆ ಒಬ್ಬಳು ನೀಲಿ, ಒಬ್ಬಳು ಕೆಂಪು. ಎಷ್ಟು ತೊಳೆದರೂ ಹೋಗದ ಬಣ್ಣ. ಹಾಗಾಗಿ ಊರಲ್ಲಿ ಯಾರಿಗೂ ಅವರಿಬ್ಬರ ವಿಷಯದಲ್ಲಿ ಗೊಂದಲವಿರಲಿಲ್ಲ.

ಒಂದು ಬೇಸಿಗೆಯಲ್ಲಿ ನೀಲಿ ಕೈಯವಳು ಜ್ವರ ಬಂದು ತೀರಿಕೊಂಡಳು. ಕೆಂಪು ಕೈಯವಳು ಅಳಲಿಲ್ಲ. ಕರೆಯುವ ದಿನ ಬರಲಿ, ಎಲೆಯ ಮುಂದೆ ಕೂತು ಅಳುತ್ತೇನೆ ಎಂದು ಅಳುವನ್ನೆಲ್ಲ ಕೂಡಿಟ್ಟುಕೊಂಡಳು.

ಅದೇ ಬೇಸಿಗೆಯಲ್ಲಿ ಊರಿನ ಫೋಟೊಗಳ ತಂಟೆಯೂ ತಾರಕಕ್ಕೇರಿತು. ಎಲ್ಲರ ಫೋಟೊಗಳೂ ಚಾವಡಿಯ ಕಪ್ಪು ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಊರಿನವರಿಗೋ ತೆಗೆಯುವುದೊಂದು ಚಟ. ಉಣ್ಣುವ ಮುಂಚೆ ಒಂದು, ಉಂಡ ಮೇಲೆ ಒಂದು, ಬೆಕ್ಕು ಆಕಳಿಸಿದರೆ ಹತ್ತು. ತೆಗೆಯಲು ಎಲ್ಲರಿಗೂ ಪುರುಸೊತ್ತಿತ್ತು, ಜೋಡಿಸಿಡಲು ಒಬ್ಬರಿಗೂ ಇರಲಿಲ್ಲ. ಹಿಂದಿನ ವರ್ಷ ಒಬ್ಬ ಅಜ್ಜನನ್ನು ಕರೆದರೆ ಬೆಕ್ಕುಗಳೇ ಸಾಲುಗಟ್ಟಿ ಬಂದು, ಅಜ್ಜ ಬರುವ ಹೊತ್ತಿಗೆ ಅನ್ನ ಹಳಸಿತ್ತು. ಇದಕ್ಕೊಂದು ತಂತ್ರಾಂಶ ಬೇಕು ಎಂದು ಊರು ತೀರ್ಮಾನಿಸಿತು. ಡಂಗುರ ಸಾರಿದರು. ಮೂವರು ವ್ಯಾಪಾರಿಗಳು ಬಂದರು.

ಮೊದಲನೆಯವಳು ಕುಳ್ಳಗಿನ ಹೆಂಗಸು, ಕಡ್ಡಿ ಮುರಿದಂಥ ಮಾತು.

"ನನ್ನದು ದಡ್ಡ ತಂತ್ರಾಂಶ. ನೀವು ಹೇಳಿದಷ್ಟೇ ಮಾಡುತ್ತೆ. ಒಂದೊಂದು ಫೋಟೊದಲ್ಲೂ ಇರೋರು ಯಾರು ಅಂತ ನೀವೇ ಬರೀಬೇಕು. ಬರೆದದ್ದನ್ನ ಮರೆಯಲ್ಲ. ಒಂದನ್ನೂ ಎಸೆಯಲ್ಲ."

"ನಾವೇ ಕೂತು ಬರೆಯೋದಾದ್ರೆ ನೀನ್ಯಾಕಮ್ಮ ಬೇಕು?" ಎಂದು ಜನ ಮೂಗು ಮುರಿದರು.

"ನಿಮ್ಮೋರು ಯಾರು ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದಳು ಅವಳು. ಊರಿಗೆ ಅದು ಉಪದೇಶದ ಹಾಗೆ ಕೇಳಿಸಿತು, ಹಿಡಿಸಲಿಲ್ಲ.

ಎರಡನೆಯವನು ನಿಮ್ಮ ಫೋಟೊಗಳನ್ನೆಲ್ಲ ನಮ್ಮ ಬೆಟ್ಟದ ಮೇಲೆ ಜೋಪಾನವಾಗಿಡುತ್ತೇವೆ, ಬೇಕಾದಾಗ ಕೇಳಿ, ತೋರಿಸುತ್ತೇವೆ ಎಂದ. ತೋರಿಸದೇ ಹೋದರೆ ಎಂದು ಯಾರೋ ಕೇಳಿದರು. ಅವನು ನಕ್ಕು ಮಾತು ತೇಲಿಸಿದ. ಅವನಿಗೆ ಮಜ್ಜಿಗೆ ಕುಡಿಸಿ ಕಳಿಸಿದರು.

ಮೂರನೆಯವನು ರೇಷ್ಮೆ ಶಾಲು ಹೊದ್ದು ಬಂದಿದ್ದ. "ನಮ್ಮದರ ಹೆಸರು ಜಾಣ," ಎಂದ. "ನೀವು ಏನೂ ಮಾಡಬೇಡಿ. ಮುಖ ನೋಡಿ ಜಾಣ ತಾನೇ ಕಂಡುಹಿಡೀತಾನೆ. ಒಬ್ಬರ ಮುಖವೆಲ್ಲ ಒಂದು ಕಡೆ ಸೇರಿಸ್ತಾನೆ. ಒಂದೇ ಥರದವು ಎರಡಿದ್ರೆ ಬೆಳಕು ಚೆನ್ನಾಗಿರೋದನ್ನ ಇಟ್ಕೊಂಡು ಮಸುಕಾಗಿರೋದನ್ನ ಎಸೀತಾನೆ. ಅನುಮಾನ ಬಂದ್ರೆ ಮಾತ್ರ ಕೇಳ್ತಾನೆ, ಇವರೂ ಅವರೂ ಒಬ್ಬರೇನಾ ಅಂತ. ಹೌದು ಅಥವಾ ಅಲ್ಲ ಅಂದ್ರೆ ಸಾಕು."

ಪರೀಕ್ಷೆಗೆಂದು ಯಜಮಾನನನ್ನು ಕರೆದು ತೋರಿಸಿದ. ಗೋಡೆಯ ತುಂಬ ಯಜಮಾನನೇ. ರುಮಾಲಿನ ಯಜಮಾನ, ಮೀಸೆಯ ಯಜಮಾನ, ಕುರ್ಚಿಯ ಮೇಲೆ ಕೂತ ಯಜಮಾನ. ಯಜಮಾನ ಬಾಯಿ ತೆರೆದುಕೊಂಡು ತನ್ನನ್ನೇ ನೋಡಿಕೊಂಡ. ಆಗಲೇ ಆಯ್ಕೆ ಮುಗಿದುಹೋಗಿತ್ತು ಎನ್ನಬೇಕು.

ಕೆಂಪು ಕೈಯವಳು ಎದ್ದು ನಿಂತು ಕೇಳಿದಳು. "ಯಜಮಾನ್ರೇ, ನನ್ನ ಮುಖವೂ ನಮ್ಮಕ್ಕನ ಮುಖವೂ ಒಂದೇ. ಇದು ಕೈ ನೋಡುತ್ತಾ?"

"ಕೈಯಲ್ಲಿ ಏನಿದೆಯಮ್ಮಾ? ಮನುಷ್ಯ ಅಂದ್ರೆ ಮುಖ," ಎಂದ ವ್ಯಾಪಾರಿ.

"ನಮ್ಮೂರಲ್ಲಿ ಮನುಷ್ಯ ಅಂದ್ರೆ ಕೈ ಕಣಣ್ಣ."

"ಕೂತ್ಕೊಳ್ಳಮ್ಮ," ಎಂದ ಯಜಮಾನ. "ಜಾಣನಿಗಿಂತ ಜಾಣೆಯಾಗಬೇಡ."

ಜನ ನಕ್ಕರು. ಅವಳು ಕೂತಳು. ಆ ನಗು ಯಾರ್ಯಾರದು ಎಂದು ಅವಳು ಆ ದಿನ ಲೆಕ್ಕ ಇಡಲಿಲ್ಲ. ಇನ್ನೂ ಊರಿನ ಮೇಲೆ ನಂಬಿಕೆಯಿದ್ದ ಕಾಲ ಅದು.

ಕರೆಯುವ ದಿನ ಬಂತು. ಯಜಮಾನ ಗೋಡೆಯ ಮುಂದೆ ನಿಂತ. ಸತ್ತವರನ್ನು ಕರೆಯುವವನು ಮೊದಲು ತನ್ನನ್ನು ತಾನೇ ಕರೆದುಕೊಳ್ಳಬೇಕು, ಗೋಡೆ ಅವನನ್ನು ತೋರಿಸಬೇಕು, ಆಮೇಲೆಯೇ ಉಳಿದವರು. ಕರೆದುಕೊಂಡ. ಬಂದ. ಹಿಟ್ಟಿನ ಕೈಯವಳ ಅತ್ತೆಯನ್ನು ಕರೆದ. ಬಂದಳು. ಎಲೆಗೆ ಅನ್ನ ಬಿತ್ತು. ಸುಣ್ಣದ ಕೈಯವನ ತಮ್ಮನನ್ನು ಕರೆದ. ಬಂದ. ಎಲೆಗೆ ಅನ್ನ ಬಿತ್ತು. ಜಾಣ ಕಣ್ಣು ಮಿಟುಕಿಸುವುದರಲ್ಲಿ ತಂದು ನಿಲ್ಲಿಸುತ್ತಿದ್ದ. ಜನ ಭಲೇ ಎನ್ನುತ್ತಿದ್ದರು.

"ನೀಲಿ ಕೈಯವಳೇ, ಬಾ," ಎಂದು ಕರೆದ ಯಜಮಾನ.

ಗೋಡೆಯ ಮೇಲೆ ಬಂದವಳ ಕೈ ಕೆಂಪಾಗಿತ್ತು.

ಬಿಸಿಲಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದ ಕೆಂಪು ಕೈಯವಳು. ಇನ್ನೊಮ್ಮೆ ಕರೆದರು. ಅವಳೇ. ಮತ್ತೊಮ್ಮೆ ಕರೆದರು. ಅವಳೇ. ಜಾಣ ಇಬ್ಬರನ್ನೂ ಒಬ್ಬಳೇ ಮಾಡಿದ್ದ. ಕೊಟ್ಟಿಗೆಯ ಕತ್ತಲಲ್ಲಿ ತೆಗೆದ ಅಕ್ಕನ ಫೋಟೊಗಳೆಲ್ಲ ಮಸುಕು. ಬಿಸಿಲಲ್ಲಿ ತೆಗೆದ ತಂಗಿಯವೆಲ್ಲ ಬೆಳಕು. ಮಸುಕಾದದ್ದನ್ನು ಎಸೆದಿದ್ದ. ಜಾಣ ಎಸೆದದ್ದನ್ನು ಮರಳಿ ತರುವ ದಾರಿ ಜಾಣನಿಗೂ ಗೊತ್ತಿರಲಿಲ್ಲ.

"ನೀನು ಬದುಕಿದ್ದೀಯಲ್ಲಮ್ಮ," ಎಂದ ಯಜಮಾನ. "ಬದುಕಿರೋರಿಗೆ ಎಲೆ ಹಾಕೋದು ಅಪಶಕುನ."

"ನನಗಲ್ಲ! ನಮ್ಮಕ್ಕಂಗೆ! ನೀಲಿ ಕೈಯವಳಿಗೆ! ನಿಮ್ಮ ತಲೆ ಮೇಲಿರೋ ರುಮಾಲಿಗೆ ನೀಲಿ ಹಾಕಿದ್ದು ಯಾರು ಯಜಮಾನ್ರೇ?"

ಯಜಮಾನನ ಕೈ ರುಮಾಲಿನತ್ತ ಹೋಗಿ, ಅರ್ಧದಲ್ಲೇ ನಿಂತಿತು. "ಗೋಡೆ ತಪ್ಪು ಹೇಳಲ್ಲ," ಎಂದ. "ಎಲೆ ಮಡಿಸಿ."

ಅವಳು ಎಲೆಯ ಮೇಲೆ ಬೋರಲು ಬಿದ್ದು ತಬ್ಬಿಕೊಂಡಳು. ನಾಲ್ಕು ಜನ ಅವಳನ್ನು ಎತ್ತಿ ಹಿಡಿದರು. ಯಜಮಾನ ತಾನೇ ಬಗ್ಗಿ ಎಲೆ ಮಡಿಸಿದ. ನೀಲಿ ಸೀರೆ ಉಟ್ಟವರು, ನೀಲಿ ಪಂಚೆ ಉಟ್ಟವರು, ನೀಲಿ ಹೊದಿಕೆಯಲ್ಲಿ ಮಗುವನ್ನು ಸುತ್ತಿಕೊಂಡವರು ಎಲ್ಲರೂ ನೋಡುತ್ತ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನನ್ನನ್ನು ಕೇಳಿದರೆ ಆ ಊರಿಗೆ ಅವತ್ತೇ ಬೆಂಕಿ ಬೀಳಬೇಕಿತ್ತು.

ಕೆಂಪು ಕೈಯವಳು ಮರುದಿನ ಅಂಗಳಕ್ಕೆ ಬಂದು ಎಲೆ ಹಾಸಿದಳು. ಬಂದು ಮಡಿಸಿದರು. ಅದರ ಮರುದಿನ ಹಾಸಿದಳು. ಮಡಿಸಿದರು. ಬೀದಿಯಲ್ಲಿ ನಿಂತು ಅಕ್ಕನನ್ನು ಕೂಗಿದಳು. ಬಾಯಿಗೆ ಬಟ್ಟೆ ತುರುಕಿದರು. ಹಾಸಿ ಹಾಸಿ, ಕೂಗಿ ಕೂಗಿ, ಕೊನೆಗೊಂದು ದಿನ ಅವಳು ಸುಮ್ಮನಾದಳು. ಊರು ಅಬ್ಬಾ ಎಂದಿತು. ಸೋತಳು ಎಂದುಕೊಂಡಿತು. ಕೂಡಿಟ್ಟ ಅಳು ಅವಳ ಹೊಟ್ಟೆಯೊಳಗೇ ಹುಳಿ ಬಂದು ಹಗೆಯಾಗಿತ್ತು, ಅದು ಯಾರಿಗೂ ಕಾಣಲಿಲ್ಲ.

ಈ ನಡುವೆ ಜಾಣನ ಕಾಟ ಶುರುವಾಗಿತ್ತು. ಅನುಮಾನ ಬಂದರೆ ಮಾತ್ರ ಕೇಳುತ್ತಾನೆ ಎಂದಿದ್ದ ವ್ಯಾಪಾರಿ. ಜಾಣನಿಗೆ ಎಲ್ಲದರಲ್ಲೂ ಅನುಮಾನ. ಈ ಮಗುವೂ ಆ ಮಗುವೂ ಒಬ್ಬರೇನಾ? ಈ ಮುದುಕಿಯೂ ಆ ಮದುಮಗಳೂ ಒಬ್ಬರೇನಾ? ಬೆಳಗಿನಿಂದ ಸಂಜೆಯವರೆಗೆ ಇದೇ ಪ್ರಶ್ನೆ. ಪೆಟ್ಟಿಗೆಯ ಮುಂದೆ ಕೂತು ಹೌದು, ಅಲ್ಲ ಎನ್ನುತ್ತ ಇರಲು ಯಾರೂ ತಯಾರಿರಲಿಲ್ಲ. ಯಜಮಾನನಿಗೆ ಒಂದು ಉಪಾಯ ಹೊಳೆಯಿತು.

"ಆ ಕೆಂಪು ಕೈಯವಳನ್ನ ಕೂರಿಸಿ," ಎಂದ. "ಅವಳ ಬಾಯಿಗೂ ಒಂದು ಕೆಲಸ ಆಗುತ್ತೆ."

ಅವಳು ಬಂದು ಕೂತಳು. ತಲೆ ತಗ್ಗಿಸಿಕೊಂಡೇ ಬಂದಳು, ತಲೆ ತಗ್ಗಿಸಿಕೊಂಡೇ ಕೂತಳು. ಮೊದಮೊದಲು ಏನಾದರೂ ತಿಳಿಯದಿದ್ದರೆ ಯಜಮಾನನ ಹತ್ತಿರ ಹೋಗಿ ಕೇಳುತ್ತಿದ್ದಳು. ಇವರು ಅವರೇನಾ ಯಜಮಾನ್ರೇ? ಅವನು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಒಮ್ಮೆ, ಮಲಗುವ ಹೊತ್ತಿಗೆ ಒಮ್ಮೆ.

"ತಲೆ ತಿನ್ಬೇಡಮ್ಮ," ಎಂದು ಒಂದು ದಿನ ಅವನು ರೇಗಿದ. "ಕೇಳಿದ್ದಕ್ಕೆಲ್ಲ ಹೌದು ಅನ್ನು. ಯಾರಿಗೆ ಏನು ನಷ್ಟ?"

"ಎಲ್ಲದಕ್ಕೂ ಹೌದು ಅನ್ನಲಾ ಯಜಮಾನ್ರೇ?"

"ಎಲ್ಲದಕ್ಕೂ."

"ಆಗಲಿ," ಎಂದಳು. ಆ ದಿನ ಚಾವಡಿಗೆ ವಾಪಸು ಹೋಗುವಾಗ ಅವಳು ತಲೆ ಎತ್ತಿ ನಡೆದಳು.

ಊರಿನವರ ವಿಷಯದಲ್ಲಿ ಮಾತ್ರ ಅವಳು ಹಾಗೆ ಮಾಡಲಿಲ್ಲ. ಹಿಟ್ಟಿನ ಕೈಯವಳ ಮಕ್ಕಳನ್ನು ಬೇರೆ ಬೇರೆಯಾಗಿಯೇ ಉಳಿಸಿದಳು. ಸುಣ್ಣದ ಕೈಯವನ ತಮ್ಮಂದಿರನ್ನು ಕಲಸಲಿಲ್ಲ. ಪ್ರೀತಿ ಉಕ್ಕಿ ಹರಿದು ಮಾಡಿದ್ದಲ್ಲ. ಒಂದೇ ಬಾನಿಗೆ ಬಟ್ಟೆ ಮೇಲೆ ಬಟ್ಟೆ ಅದ್ದುತ್ತ ಹೋದರೆ ಬಣ್ಣ ತೆಳುವಾಗುತ್ತದೆ. ಅವಳಿಗೆ ಒಂದೇ ಬಟ್ಟೆ ಅದ್ದುವುದಿತ್ತು, ಗಾಢವಾಗಿ.

ಅವಳು ಕಾದಳು. ಮಳೆ ಬಂದು ಹೋಯಿತು, ಕಾದಳು. ಚಳಿ ಬಂದು ಹೋಯಿತು, ಕಾದಳು. ಒಂದು ಬೆಳಿಗ್ಗೆ ಜಾಣ ಪೆಟ್ಟಿಗೆಯ ಮುಂದಿಟ್ಟಿದ್ದ ಗಾಜಿನ ಹಲಗೆಯ ಮೇಲೆ ಎರಡು ಮುಖ ತಂದು ಪಕ್ಕಪಕ್ಕ ನಿಲ್ಲಿಸಿದ. ಒಂದು ಯಜಮಾನ. ಇನ್ನೊಂದು, ಎಂದೋ ತೀರಿಕೊಂಡ ಯಜಮಾನನ ಅಪ್ಪ.

ಆ ಮನೆತನಕ್ಕೊಂದು ಜಂಬವಿತ್ತು. ತಲೆಮಾರಿನಿಂದ ತಲೆಮಾರಿಗೆ ಅದೇ ಕುರ್ಚಿ, ಅದೇ ರುಮಾಲು, ಅದೇ ಮೀಸೆ, ಎಡಗೈ ತೊಡೆಯ ಮೇಲೆ, ಬಲಗೈ ಬೆತ್ತದ ಮೇಲೆ. ಮಗ ಅಪ್ಪನ ಹಾಗೆಯೇ ಕೂತು ಫೋಟೊ ತೆಗೆಸಿಕೊಳ್ಳಬೇಕು. ಅಪ್ಪನ ಕಾಲದಲ್ಲಿ ಚಾವಡಿಗೆ ಸೂರು ಇರಲಿಲ್ಲ, ಅವನದು ಬೆಳಕಿನ ಫೋಟೊ. ಮಗನದು ಸೂರಿನ ನೆರಳಿನದು.

ಇವರೂ ಅವರೂ ಒಬ್ಬರೇನಾ, ಎಂದು ಜಾಣ ಕೇಳಿದ.

ಅವಳು ಎರಡು ಮುಖವನ್ನೂ ನೋಡಿದಳು. ಬೆತ್ತದ ಮೇಲಿನ ಕೈಗಳನ್ನು ನೋಡಿದಳು. ಯಾವ ಕೆಲಸದ ಕಲೆಯೂ ಇಲ್ಲದ, ಬಿಳಿಚಿಕೊಂಡ ಕೈಗಳು. ಹೌದು, ಎಂದಳು. ಇನ್ನೊಂದು ಜೋಡಿ ಬಂತು. ಹೌದು. ಮತ್ತೊಂದು ಬಂತು. ಹೌದು. ಸಂಜೆಯ ಹೊತ್ತಿಗೆ ಅವಳಿಗೆ ಹಸಿವಾಯಿತು. ಅಕ್ಕ ಹೋದ ಮೇಲೆ ಅವಳಿಗೆ ಹಸಿವು ಗೊತ್ತಾದದ್ದು ಅದೇ ಮೊದಲು.

ಗಾಳಿ ದಿಕ್ಕು ಬದಲಿಸಿತು. ಎಲೆ ಹಾಸಿ ಊರು ಕೂತಿತು. ಯಜಮಾನ ಮೀಸೆ ತಿರುವಿ ಗೋಡೆಯ ಮುಂದೆ ನಿಂತು ತನ್ನನ್ನು ತಾನು ಕರೆದುಕೊಂಡ.

ಗೋಡೆಯ ಮೇಲೆ ಅವನ ಅಪ್ಪ ಬಂದ.

"ತಪ್ಪಾಗಿದೆ," ಎಂದು ನಕ್ಕ ಯಜಮಾನ. ಮತ್ತೆ ಕರೆದುಕೊಂಡ. ಅಪ್ಪ ಬಂದ. ದನಿ ಏರಿಸಿ ಕರೆದುಕೊಂಡ. ಅಪ್ಪ ಬಂದ. ಕುರ್ಚಿಯ ಮೇಲೆ ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮಗನನ್ನು ಪರಕೀಯನ ಹಾಗೆ ನೋಡಿದ.

ಮಸಿ ಕೈಯವನು ಎದ್ದ. "ಇವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ," ಎಂದು ಗೋಡೆ ತೋರಿಸಿದ. ಆಮೇಲೆ ಗೋಡೆಯ ಮುಂದೆ ನಿಂತವನನ್ನು ತೋರಿಸಿ, "ಹಂಗಾದ್ರೆ ಇವನ್ಯಾರು?" ಎಂದ.

"ಏನೋ, ನಾನು ಕಣೋ! ದಿನಾ ನೋಡ್ತೀಯ! ಹೇಳ್ರೋ ಯಾರಾದ್ರೂ!"

ಕೈ ನೋಡಿ ಹೇಳೋಣವೆಂದರೆ ಕೈಯಲ್ಲಿ ಏನೂ ಇರಲಿಲ್ಲ. ಯಜಮಾನನ ಹೆಂಡತಿಯನ್ನು ಕೇಳಿದರು. ಅವಳು ಗೋಡೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಕತ್ತು ಬಗ್ಗಿಸಿದಳು.

"ಗೋಡೆ ತಪ್ಪು ಹೇಳಲ್ಲ," ಎಂದಳು ಕೆಂಪು ಕೈಯವಳು, ಎಲ್ಲರಿಗೂ ಕೇಳುವ ಹಾಗೆ.

ಅವನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಇಲ್ಲದವನನ್ನು ಹೊಡೆಯುವುದು ಹೇಗೆ? ಸುಮ್ಮನೆ ಪಕ್ಕಕ್ಕೆ ಸರಿಸಿದರು, ದಾರಿಯ ಮಧ್ಯೆ ಬಿದ್ದ ಮಣೆಯನ್ನು ಸರಿಸಿದ ಹಾಗೆ. ಮಸಿ ಕೈಯವನು ಗೋಡೆಯ ಮುಂದೆ ನಿಂತು ತನ್ನನ್ನು ಕರೆದುಕೊಂಡ, ಬಂದ, ಮುಂದಿನ ಕೆಲಸ ನಡೆಸಿದ.

ಯಜಮಾನ ಮನೆಗೆ ಹೋದರೆ ಯಾರೂ ಬಾಗಿಲು ತೆಗೆಯಲಿಲ್ಲ. ನೀರು ಕೇಳಿದರೆ ಯಾರಿಗೂ ಕೇಳಿಸಲಿಲ್ಲ. ಹಸಿವು ತಡೆಯಲಾರದೆ ಅವನು ಬಣ್ಣದ ಕೊಟ್ಟಿಗೆಗೆ ಬಂದ. ಮಧ್ಯಾಹ್ನದ ಬಿಸಿಲು. ಕೆಂಪು ಕೈಯವಳು ಬಾನಿ ಕದಡುತ್ತಿದ್ದಳು. ಪಕ್ಕದಲ್ಲಿ ಚಾವಡಿಯಿಂದ ತಂದಿಟ್ಟ ಗಾಜು. ಕರೆಯುವ ದಿನ ಯಾರೋ ತೆಗೆದ ಫೋಟೊ ಅದರಲ್ಲಿತ್ತು. ಗೋಡೆಯ ಮುಂದೆ ಬಾಯಿ ತೆರೆದು ನಿಂತ ಯಜಮಾನ. ಅದರ ಪಕ್ಕದಲ್ಲಿ ಅಪ್ಪ. ಇವರೂ ಅವರೂ ಒಬ್ಬರೇನಾ ಎಂದು ಜಾಣ ಕೇಳಿದ್ದ. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ.

"ತಾಯಿ," ಎಂದ ಅವನು. "ಉಳಿದಿರೋದು ಅದೊಂದೇ. ಅಲ್ಲ ಅನ್ನು. ಅಷ್ಟು ಅಂದ್ರೆ ನಾನು ಬದುಕ್ತೀನಿ."

"ನಮ್ಮಕ್ಕ ಅಂತ ಒಬ್ಬಳು ಇದ್ದಳಾ ಯಜಮಾನ್ರೇ?"

"ಇದ್ದಳು."

"ಅವಳ ಕೈ?"

"ನೀಲಿ."

"ಜಾಣ ನಿಮ್ಮನ್ನ ಕೇಳಿದ್ನಾ, ನಾವಿಬ್ಬರೂ ಒಬ್ಬರೇನಾ ಅಂತ?"

ಅವನು ನೆಲ ನೋಡಿದ. "ಕೇಳಿದ್ದ. ಆಗ ಪೆಟ್ಟಿಗೆ ಮುಂದೆ ನಾನೇ ಕೂತಿದ್ದೆ. ಊಟದ ಹೊತ್ತಾಗಿತ್ತು. ಹೌದು ಅಂದ್ಬಿಟ್ಟೆ."

ಅವಳ ಕೈಯಲ್ಲಿದ್ದ ಕೋಲು ನಿಂತಿತು. "ಕರೆಯೋ ದಿನ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಜಾಣನನ್ನ ಆರಿಸಿದ್ದು ನಾನು. ತಪ್ಪಾಯ್ತು ಅಂದ್ರೆ ನನ್ನ ಮಾನ ಹೋಗ್ತಿತ್ತಮ್ಮ."

ಅವಳಿಗೆ ಅವನನ್ನು ಹಿಡಿದು ಬಾನಿಗೆ ಮುಳುಗಿಸಬೇಕೆನಿಸಿತು. ಮುಳುಗಿಸಲಿಲ್ಲ. ಒಳಗೆ ಹೋಗಿ ಒಂದು ಬಾಳೆಲೆ, ಒಂದು ತಪ್ಪಲೆ ಅನ್ನ ತಂದು ಅವನ ಮುಂದಿಟ್ಟಳು. ಅವನು ಅನ್ನಕ್ಕೆ ಕೈ ಚಾಚಿದ. ಅವಳು ಕೋಲಿನಿಂದ ಆ ಕೈಯನ್ನು ತಡೆದಳು.

"ನಿಮಗಲ್ಲ. ಅಂಗಳಕ್ಕೆ ತಗೊಂಡು ಹೋಗಿ. ಗೋಡೆ ಮುಂದೆ ಎಲೆ ಹಾಸಿ. ಅವಳನ್ನ ಕರೀರಿ. ಬಡಿಸಿ. ಆಮೇಲೆ ಬನ್ನಿ, ಮಾತಾಡೋಣ."

ಅವನು ಹೋದ. ಅವಳು ದೂರದಲ್ಲಿ ನಿಂತು ನೋಡಿದಳು. ತುಂಬಿದ ಅಂಗಳದ ನಡುವೆ ಅವನು ಎಲೆ ಹಾಸಿದ. ನೀಲಿ ಕೈಯವಳೇ, ಬಾ, ಎಂದು ಕೂಗಿದ. ಯಾರೂ ಬಾಯಿಗೆ ಬಟ್ಟೆ ತುರುಕಲಿಲ್ಲ. ಅನ್ನ ಬಡಿಸಿದ. ಯಾರೂ ಎಲೆ ಮಡಿಸಲಿಲ್ಲ. ಇಲ್ಲದವನೊಬ್ಬ ಇಲ್ಲದವಳಿಗೆ ಬಡಿಸುತ್ತಿದ್ದ. ಊರಿನ ನಿಯಮದ ಪ್ರಕಾರ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಜನ ಎಲೆಯನ್ನು ತುಳಿಯದೆ, ನೋಡದೆ, ಬಳಸಿಕೊಂಡು ಹೋದರು.

ಕೆಂಪು ಕೈಯವಳು ಅಲ್ಲೇ ನಿಂತು ಅತ್ತಳು. ಅಷ್ಟು ದಿನದ್ದನ್ನೆಲ್ಲ ಅತ್ತಳು.

ಅವನು ವಾಪಸು ಬಂದಾಗ ಅವಳು ಮುಖ ತೊಳೆದುಕೊಂಡು ಕೂತಿದ್ದಳು. "ಮಾಡ್ದೆನಮ್ಮ," ಎಂದ. "ನೀನು ಹೇಳಿದ ಹಾಗೇ ಮಾಡ್ದೆ. ಈಗ ಅಲ್ಲ ಅನ್ನು."

ಅವಳು ಗಾಜನ್ನು ಮಡಿಲಿಗೆ ಎಳೆದುಕೊಂಡಳು. ಜಾಣ ಇನ್ನೂ ಕಾಯುತ್ತಿದ್ದ.

"ಹೌದು," ಎಂದಳು.

ಬಾಯಿ ತೆರೆದು ನಿಂತಿದ್ದ ಮುಖ ಗಾಜಿನಿಂದ ಅಳಿಸಿಹೋಯಿತು. ಅವನು ಕುಸಿದು ಕೂತ.

"ಯಾಕಮ್ಮ?" ಎಂದ. "ಅವಳಿಗೆ ಎಲೆ ಹಾಕಿದ್ನಲ್ಲ?"

"ನಾಳೆಯೂ ಹಾಕಬೇಕಲ್ಲ," ಎಂದಳು ಅವಳು. "ನಾಡಿದ್ದೂ ಹಾಕಬೇಕು. ನಾನು ಹಾಕಿದ್ರೆ ಮಡಿಸ್ತಾರೆ. ನೀನು ಇದ್ದವನಾದ್ರೆ ನಿನ್ನದನ್ನೂ ಮಡಿಸ್ತಾರೆ. ಇಲ್ಲದವನನ್ನ ಮಾತ್ರ ಊರು ತಡೆಯಲ್ಲ. ಅವಳು ಉಂಡು ಮಿಕ್ಕಿದ್ದು ನಿನ್ನದು. ಬೇಡ ಅಂದ್ರೆ ಹಸಿದುಕೊಂಡಿರು."

ಅವನು ಅವಳ ಮುಖ ನೋಡಿದ. ಅಲ್ಲಿ ಕರುಣೆಯ ಸುಳಿವಿರಲಿಲ್ಲ. ಹುಡುಕುವುದನ್ನು ಬಿಟ್ಟ. ಬಿಸಿಲು ಇಳಿಯಿತು. ಖಾಲಿ ತಪ್ಪಲೆಯನ್ನು ಕೈಗೆತ್ತಿಕೊಂಡು, ಅದರ ತಳ ನೋಡುತ್ತ ಕೇಳಿದ.

"ಅವಳಿಗೆ ಏನಿಷ್ಟ?"

ಅಕ್ಕ ಹೋದಾಗಿನಿಂದ ಊರಲ್ಲಿ ಯಾರೂ ಕೇಳಿರದ ಮಾತು. ಅದನ್ನು ಅವನ ಬಾಯಲ್ಲಿ ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು, ಹೊಟ್ಟೆ ತಣ್ಣಗಾಯಿತು.

"ಸೊಪ್ಪಿನ ಹುಳಿ," ಎಂದಳು. "ಉಪ್ಪು ಸರಿ ನೋಡು. ತಪ್ಪಿದರೆ ಚೆಲ್ಲಿಸಿ ಮತ್ತೆ ಮಾಡಿಸ್ತೀನಿ."